ಸರದಿ ತಪ್ಪಿಸುವ ಹಣ ಮತ್ತು ಇಚ್ಛಾಪರಿಮಾಣ ವ್ರತ

ಪರಿಗ್ರಹವೆಂದ ಕೂಡಲೇ ಹೊಲ, ಮನೆ, ಬೆಳ್ಳಿ, ಬಂಗಾರಗಳು ನೆನಪಾಗುತ್ತವೆ. ದಿಗಂಬರ ಪರಂಪರೆಯ ಪ್ರಾಚೀನ ಆಚಾರಗ್ರಂಥವಾದ ವಟ್ಟಕೇರಾಚಾರ್ಯರ ‘ಮೂಲಾಚಾರ’ವು ಬಾಹ್ಯ ಪರಿಗ್ರಹಗಳನ್ನು ಹತ್ತಾಗಿ ಎಣಿಸುತ್ತದೆ. ಕ್ಷೇತ್ರ, ವಾಸ್ತು, ಧನ, ಧಾನ್ಯ, ದ್ವಿಪದ, ಚತುಷ್ಪದ ಇವುಗಳ ನಂತರ ಏಳನೆಯದಾಗಿ ಬರುವುದು ಯಾನ. ಆಮೇಲೆ ಶಯನಾಸನ, ಕುಪ್ಯ, ಭಾಂಡಗಳು. ಮುನಿಯು ಈ ಹತ್ತನ್ನೂ ಪೂರ್ಣವಾಗಿ ತ್ಯಜಿಸುತ್ತಾನೆ. ಗೃಹಸ್ಥನಾದ ಶ್ರಾವಕನಿಗೆ ಅದು ಸಾಧ್ಯವಿಲ್ಲವಾದ್ದರಿಂದ ಅವನಿಗೆ ಮಿತಿಯ ವ್ರತವನ್ನು ಹೇಳಲಾಗಿದೆ. ಪಲ್ಲಕ್ಕಿ, ರಥ, ಬಂಡಿಗಳಿದ್ದ ಯಾನದ ಸ್ಥಾನದಲ್ಲಿ ಇಂದು ಕಾರು ನಿಂತಿದೆ. ಅದನ್ನು ಕೊಳ್ಳುವ ಗಳಿಗೆಯಲ್ಲಿ ಏಳುವ ಒಂದು ಪ್ರಶ್ನೆಯನ್ನು ಈ ವ್ರತದ ಬೆಳಕಿನಲ್ಲಿ ನೋಡುವ ಅಗತ್ಯವೂ ಬಂದಿದೆ.

ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿರುವ ಟೊಯೊಟಾ ಕಾರ್ಖಾನೆಯಿಂದ ಹೊರಬರುವ ಇನ್ನೋವಾ ಹೈಕ್ರಾಸ್ ಎಂಬ ವಾಹನ 2022ರ ನವೆಂಬರ್‌ನಲ್ಲಿ ಅನಾವರಣಗೊಂಡಿತು. ಅದರ ಹೈಬ್ರಿಡ್ ಮಾದರಿಯಲ್ಲಿ ಪೆಟ್ರೋಲ್ ಎಂಜಿನ್ನಿನ ಜೊತೆಗೆ ವಿದ್ಯುತ್ ಮೋಟಾರೂ ಬ್ಯಾಟರಿಯೂ ಇವೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿ ಬ್ಯಾಟರಿಗೆ ಸೇರುತ್ತದೆ, ಪ್ಲಗ್ ಚುಚ್ಚಿ ಚಾರ್ಜ್ ಮಾಡುವ ಗೊಡವೆಯಿಲ್ಲ. ಏಳೆಂಟು ಜನ ಕುಳಿತುಕೊಳ್ಳುವ ಗಾಡಿ ಕಡಿಮೆ ಇಂಧನದಲ್ಲಿ ಓಡುತ್ತದೆಂದರೆ ಬೇಡಿಕೆ ಏಳುವುದು ಸಹಜವೇ. ಬೇಡಿಕೆ ಎಷ್ಟಾಯಿತೆಂದರೆ 2023ರ ಏಪ್ರಿಲ್‌ನಲ್ಲಿ ಮೇಲ್ದರ್ಜೆಯ ಹೈಬ್ರಿಡ್ ಮಾದರಿಗಳ ಬುಕಿಂಗನ್ನೇ ಕಂಪನಿ ನಿಲ್ಲಿಸಿತು. 2024ರ ಏಪ್ರಿಲ್‌ನಲ್ಲಿ ತೆರೆದದ್ದನ್ನು ಮೇ ತಿಂಗಳಲ್ಲಿ ಮತ್ತೆ ಮುಚ್ಚಿ, ಆಗಸ್ಟ್‌ನಲ್ಲಿ ಮತ್ತೆ ತೆರೆಯಿತು. ಕಾರ್ಖಾನೆ ಕೂಗಳತೆಯಲ್ಲಿದ್ದರೂ ಶ್ರೀರಂಗಪಟ್ಟಣದವರಿಗೂ ಪಾಂಡವಪುರದವರಿಗೂ ದೇಶದ ಉಳಿದವರಂತೆಯೇ ತಿಂಗಳುಗಟ್ಟಲೆ ಸರದಿ.

ಸರದಿ ಉದ್ದವಾದಲ್ಲಿ ಅದನ್ನು ಮೋಟು ಮಾಡುವ ಹಣ ಹುಟ್ಟಿಕೊಳ್ಳುತ್ತದೆ. ಇದು ಯಾವುದೋ ಒಂದು ಮಳಿಗೆಯ ಅಥವಾ ಒಂದು ಕಂಪನಿಯ ಮಾತಲ್ಲ. ಬೇಡಿಕೆಯ ವಾಹನ ಯಾವುದಿದ್ದರೂ ಈ ಹಣ ಮೂರು ನಾಲ್ಕು ವೇಷಗಳಲ್ಲಿ ಬರಬಹುದು. ಬೇಡದ ಬಿಡಿಭಾಗಗಳ ಕಟ್ಟನ್ನು ಕೊಳ್ಳಲೇಬೇಕೆನ್ನುವುದು ಒಂದು. ವಿಮೆಯನ್ನು ತಮ್ಮಲ್ಲೇ, ಹೆಚ್ಚಿನ ಕಂತಿಗೆ ಮಾಡಿಸಬೇಕೆನ್ನುವುದು ಇನ್ನೊಂದು. ವಿಮೆಯನ್ನು ಎಲ್ಲಿ ಮಾಡಿಸಬೇಕೆಂಬುದು ಕಾನೂನಿನಂತೆ ಕೊಳ್ಳುವವನ ಆಯ್ಕೆ ಎಂಬುದನ್ನು ಅನೇಕರು ತಿಳಿದಿಲ್ಲ. ಮೊದಲೇ ಬುಕ್ ಮಾಡಿದವನು ತನ್ನ ಸರದಿಯನ್ನೇ ಮಾರುವುದೂ ಉಂಟು. ಕಡೆಯದು, ರಸೀದಿಯಿಲ್ಲದೆ ಕೈಗೆ ಕೊಡುವ ನಗದು. ಅಮೆರಿಕದಲ್ಲಿ 2021–22ರ ಚಿಪ್ ಕೊರತೆಯ ಕಾಲದಲ್ಲಿ ವ್ಯಾಪಾರಿಗಳು ಕಂಪನಿ ಸೂಚಿಸಿದ ಬೆಲೆಯ ಮೇಲೆ ಹೆಚ್ಚುವರಿ ಮೊತ್ತವನ್ನು ಬೇರೆ ಚೀಟಿಯಲ್ಲಿ ಬರೆದು ಕಾರಿನ ಗಾಜಿಗೇ ಅಂಟಿಸುತ್ತಿದ್ದರು. ಒಪ್ಪುವುದು ಬಿಡುವುದು ಬೇರೆ ಮಾತು, ಮೊತ್ತವಾದರೂ ಕಣ್ಣಿಗೆ ಕಾಣುತ್ತಿತ್ತು.

ಹಳಬರಿಗೆ ಇದು ಹೊಸದೇನೂ ಅಲ್ಲ. ಪರವಾನಗಿಯ ಕಾಲದಲ್ಲಿ ಬಜಾಜ್ ಸ್ಕೂಟರಿಗೆ ಹೆಸರು ಬರೆಸಿ ವರ್ಷಗಟ್ಟಲೆ ಕಾದವರು, ‘ಪ್ರೀಮಿಯಂ’ ಕೊಟ್ಟು ಬೇರೆಯವರ ಹಂಚಿಕೆಯ ಸ್ಕೂಟರನ್ನು ಕೊಂಡವರು ಪ್ರತಿ ತಾಲ್ಲೂಕಿನಲ್ಲೂ ಇದ್ದರು. ಆಗ ಸರದಿಯನ್ನು ಹುಟ್ಟಿಸಿದ್ದು ಉತ್ಪಾದನೆಯ ಮೇಲಿನ ಕಟ್ಟುಪಾಡು. ಈಗ ಮಾರುಕಟ್ಟೆಯಲ್ಲಿ ಬಗೆಬಗೆಯ ವಾಹನಗಳು ಸಿದ್ಧವಾಗಿ ನಿಂತಿವೆ, ಇಂಥದ್ದೇ ಬೇಕೆಂಬ ಇಚ್ಛೆ ಮಾತ್ರ ಸರದಿಯನ್ನು ಉದ್ದ ಮಾಡುತ್ತಿದೆ. ಶ್ರಾವಕಾಚಾರದ ದೃಷ್ಟಿಯಿಂದ ಇದು ಸಣ್ಣ ವ್ಯತ್ಯಾಸವಲ್ಲ.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಐದನೆಯ ಅಣುವ್ರತಕ್ಕೆ ಎರಡು ಹೆಸರು ಕೊಟ್ಟಿದ್ದಾರೆ. ಒಂದು ಪರಿಮಿತ ಪರಿಗ್ರಹ, ಮತ್ತೊಂದು ಇಚ್ಛಾಪರಿಮಾಣ. ಮೊದಲನೆಯದು ವಸ್ತುವನ್ನು ಅಳೆಯುತ್ತದೆ, ಎರಡನೆಯದು ವಸ್ತುವಿನ ಕಡೆಗೆ ಓಡುವ ಮನಸ್ಸನ್ನು. ಒಂದೇ ಕಾರು ಸಾಕೆಂದು ಮಿತಿ ಹಾಕಿಕೊಂಡವನು ಲೆಕ್ಕದ ಪ್ರಕಾರ ವ್ರತದೊಳಗೇ ಇದ್ದಾನೆ. ಆ ಒಂದು ಕಾರು ಇದೇ ತಿಂಗಳು, ಇದೇ ಬಣ್ಣದಲ್ಲಿ, ಪಕ್ಕದ ಮನೆಯವರಿಗಿಂತ ಮೊದಲು ಬರಬೇಕೆಂದು ಅವನು ಒಂದು ಲಕ್ಷ ರೂಪಾಯಿಯನ್ನು ಹೆಚ್ಚು ತೆತ್ತರೆ, ವಸ್ತುವಿನ ಸಂಖ್ಯೆ ಒಂದೇ ಉಳಿದಿದ್ದರೂ ಇಚ್ಛೆಯ ಅಳತೆ ಮೀರಿದೆ. ಅವನು ತೆತ್ತದ್ದು ಕಾರಿಗಲ್ಲ, ಕಾಯಲಾರದ ಮನಸ್ಸಿಗೆ.

ಈ ವ್ರತಕ್ಕೆ ಸಮಂತಭದ್ರರು ಹೇಳುವ ಐದು ಅತಿಚಾರಗಳು ಅತಿವಾಹನ, ಅತಿಸಂಗ್ರಹ, ಅತಿವಿಸ್ಮಯ, ಅತಿಲೋಭ ಮತ್ತು ಅತಿಭಾರವಹನ. ಮೊದಲ ಹೆಸರನ್ನು ಕೇಳಿದೊಡನೆ ಕಾರುಗಳ ಸಾಲು ಕಣ್ಣ ಮುಂದೆ ಬರುವುದುಂಟು. ಗ್ರಂಥದ ವ್ಯಾಖ್ಯಾನಕಾರರಾದ ಪ್ರಭಾಚಂದ್ರರು ಅಲ್ಲಿ ಹೇಳುತ್ತಿರುವುದು ಬೇರೆ: ಎತ್ತು ಮೊದಲಾದ ಪ್ರಾಣಿಗಳು ಸುಖವಾಗಿ ಹೋಗಬಲ್ಲಷ್ಟು ದೂರವನ್ನು ಮೀರಿ ಲೋಭದಿಂದ ಓಡಿಸುವುದು ಅತಿವಾಹನ, ಶಕ್ತಿಮೀರಿ ಹೊರೆ ಹೇರುವುದು ಅತಿಭಾರವಹನ. ಎತ್ತಿನ ನೋವು ಯಂತ್ರಕ್ಕಿಲ್ಲ. ಆದ್ದರಿಂದ ಈ ಎರಡನ್ನು ಎಳೆದು ತಂದು ಕಾರಿಗೆ ಹಚ್ಚುವ ಉಪದೇಶಗಳಲ್ಲಿ ಹೆಚ್ಚು ಹುರುಳಿಲ್ಲ.

ನಡುವಿನ ಮೂರರ ಮಾತು ಹಾಗಲ್ಲ. ಮುಂದೆ ಇದು ದೊಡ್ಡ ಲಾಭ ತಂದೀತೆಂಬ ಆಸೆಯಿಂದ ಧಾನ್ಯಾದಿಗಳನ್ನು ಮಿತಿಮೀರಿ ಕೂಡಿಡುವುದು ಅತಿಸಂಗ್ರಹ. ಗಾಡಿ ಬೇಕಿಲ್ಲದಿದ್ದರೂ ಎರಡು ಬುಕಿಂಗ್ ಮಾಡಿ, ಸರದಿ ಬಂದಾಗ ಅದನ್ನು ಲಾಭಕ್ಕೆ ದಾಟಿಸುವವನು ಧಾನ್ಯವನ್ನು ಕಾಣದೆಯೇ ಕಣಜ ಕಟ್ಟಿದವನು. ತಾನು ಒಪ್ಪಿದ ಲಾಭಕ್ಕೆ ಮಾರಿದ ಮೇಲೆ ಅದೇ ಸರಕಿನಲ್ಲಿ ಇನ್ನೂ ಹೆಚ್ಚು ಗಳಿಸಬಹುದಿತ್ತೆಂದು ತಿಳಿದು ಬೆರಗಾಗಿ ಕೊರಗುವುದು ಅತಿವಿಸ್ಮಯ. ಒಳ್ಳೆಯ ಲಾಭ ದೊರೆತ ಮೇಲೂ ಇನ್ನಷ್ಟು ಬೇಕೆನ್ನುವುದು ಅತಿಲೋಭ. ಈ ವಿವರಣೆ ಹುಟ್ಟಿದ್ದು ಸಂತೆ, ಸಾರ್ಥವಾಹರ ಕಾಲದಲ್ಲಿ. ಇಂದಿನ ಮಳಿಗೆಯೊಳಗೆ ಅದನ್ನು ಓದಿದರೂ ಒಂದಕ್ಷರ ಬದಲಿಸಬೇಕಾಗಿಲ್ಲ.

ಇಷ್ಟರಲ್ಲಿ ಕೊಳ್ಳುವವನು ಕೇಳಬಹುದು: ಲೋಭ ಮಾರುವವನದು, ನಷ್ಟ ಹೊತ್ತವನು ತಾನು, ತನಗೇಕೆ ದೋಷ? ಇದಕ್ಕೆ ಉತ್ತರ ಐದನೆಯ ಅಣುವ್ರತದಲ್ಲಿಲ್ಲ, ಮೂರನೆಯದಾದ ಅಚೌರ್ಯದಲ್ಲಿದೆ. ‘ತತ್ತ್ವಾರ್ಥಸೂತ್ರ’ವು ಅಚೌರ್ಯಕ್ಕೆ ಹೇಳುವ ಐದು ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮ ಎಂಬುದೊಂದು. ಕನ್ನಡ ನಾಡಿನ ಆಚಾರ್ಯರಾದ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇದನ್ನು ಬಿಡಿಸುವಾಗ, ಉಚಿತವಾದ ನ್ಯಾಯಮಾರ್ಗವನ್ನು ಬಿಟ್ಟು ಬೇರೆ ರೀತಿಯಲ್ಲಿ ಕೊಡುವುದು ಮತ್ತು ತೆಗೆದುಕೊಳ್ಳುವುದು ಅತಿಕ್ರಮವೆಂದು ಹೇಳುತ್ತಾರೆ. ರಾಜ್ಯದ ವ್ಯವಸ್ಥೆ ಕದಡಿದಾಗ ಅಗ್ಗದಲ್ಲಿ ಸಿಗುವ ವಸ್ತುಗಳು ದುಬಾರಿಯಾಗುತ್ತವೆಂದು ಹೊಂಚುವ ಪ್ರಯತ್ನವನ್ನೂ ಅಲ್ಲಿಯೇ ಸೇರಿಸುತ್ತಾರೆ. ಇಲ್ಲಿ ಗಮನಿಸಬೇಕಾದದ್ದು, ತೆಗೆದುಕೊಳ್ಳುವುದನ್ನಷ್ಟೇ ಹೇಳಿ ಅವರು ಸುಮ್ಮನಾಗಲಿಲ್ಲ. ಕೊಡುವುದನ್ನೂ ಜೊತೆಗೆ ಹೇಳಿದರು.

ಕೆ.ಆರ್.ಪೇಟೆಯ ಒಂದು ಕೂಡುಕುಟುಂಬದಲ್ಲಿ ಹೀಗೆ ಮಾತು ನಡೆಯಿತೆಂದು ಇಟ್ಟುಕೊಳ್ಳಬಹುದು. ಮಗ ಬಂದು, “ಅಪ್ಪ, ಮೇಲೆ ಒಂದು ಲಕ್ಷ ಕೊಟ್ರೆ ಮುಂದಿನ ತಿಂಗಳೇ ಗಾಡಿ ಬರುತ್ತಂತೆ” ಎನ್ನುತ್ತಾನೆ. ಅಂಗಡಿಯ ಲೆಕ್ಕ ಬರೆಯುತ್ತಿದ್ದ ತಂದೆ ತಲೆಯೆತ್ತದೆ, “ಆ ಲಕ್ಷಾನ ಬಿಲ್ಲಿನಲ್ಲಿ ಬರೆದುಕೊಡ್ತಾರಾ, ಕೇಳಪ್ಪ” ಎನ್ನುತ್ತಾರೆ. ಪೂಜ್ಯಪಾದರ ನ್ಯಾಯಮಾರ್ಗವನ್ನು ಗುರುತಿಸಲು ಈ ಒಂದು ಪ್ರಶ್ನೆ ಸಾಕು. ಬಿಲ್ಲಿನಲ್ಲಿ ಬಂದರೆ ಅದು ಬೆಲೆ. ದುಬಾರಿಯೋ ಅಲ್ಲವೋ ಎಂಬುದು ಚೌಕಾಸಿಯ ವಿಷಯ. ಬಿಲ್ಲಿನಲ್ಲಿ ಬಾರದಿದ್ದರೆ, ಆ ಮೊತ್ತದ ಮೇಲೆ ಸರ್ಕಾರಕ್ಕೆ ಸಲ್ಲಬೇಕಾದದ್ದು ಸಲ್ಲದೆ ಹೋಗುತ್ತದೆ. 2025ರ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಶೇ 40. ಇಪ್ಪತ್ತು ಲಕ್ಷ ಮೀರಿದ ವಾಹನಕ್ಕೆ ಕರ್ನಾಟಕದ ಜೀವಿತಾವಧಿ ತೆರಿಗೆ ಶೇ 18. ಒಂದು ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕೂ ಹೆಚ್ಚು ನಗದನ್ನು ಪಡೆಯುವುದು 2017ರಿಂದಲೇ ನಿಷಿದ್ಧ. ತೆರಿಗೆ ಭಾರವೆಂಬುದು ನಿಜವಿರಬಹುದು, ಅದನ್ನು ಸಭೆಯಲ್ಲಿ, ಚುನಾವಣೆಯಲ್ಲಿ ಪ್ರಶ್ನಿಸಲಿಕ್ಕೆ ಅಡ್ಡಿಯಿಲ್ಲ. ಕೈಯಿಂದ ಕೈಗೆ ದಾಟಿಸಿದ ಕಟ್ಟು ಮಾತ್ರ ಕೊಟ್ಟವನನ್ನೂ ಅತಿಕ್ರಮದೊಳಗೆ ಎಳೆಯುತ್ತದೆ.

ಕೊಡುವವನೂ ಹೊಣೆಗಾರನೆಂಬ ಈ ತಿಳಿವಳಿಕೆ ಗ್ರಂಥದಲ್ಲಷ್ಟೇ ಉಳಿದಿರಲಿಲ್ಲವೆಂಬುದಕ್ಕೆ ಈ ಸೀಮೆಯದೇ ಒಂದು ದಾಖಲೆಯಿದೆ. ಮೈಸೂರು ಅರಸರು ಶ್ರೀರಂಗಪಟ್ಟಣದಿಂದ ಆಳುತ್ತಿದ್ದ ಕಾಲ. ಶ್ರವಣಬೆಳಗೊಳದ ಸ್ಥಾನಿಕರು ದೇವರ ಪೂಜೆಗೆ ಬಿಟ್ಟ ದತ್ತಿಗಳನ್ನು ವರ್ತಕರಿಗೆ ಅಡವಿಟ್ಟಿದ್ದರು. ಅಡವು ಹಿಡಿದವರು ಬಹುಕಾಲದಿಂದ ಅದರ ಫಲವನ್ನು ಅನುಭವಿಸುತ್ತಿದ್ದರು. 1634ರಲ್ಲಿ ಚಾಮರಾಜ ಒಡೆಯರು ಆ ವರ್ತಕರನ್ನು ಕರೆಸಿ, ಸಾಲವನ್ನು ತಾವೇ ತೀರಿಸಿಕೊಡುವುದಾಗಿ ಹೇಳಿದರು. ಕರೆಸಿಕೊಂಡವರಲ್ಲಿ ಹೊಸವೊಳಲ ಕೆಂಪಪ್ಪನ ಮಗ ಚನ್ನಣ್ಣನೂ ಬೆಳುಗುಳದ ಪಾಯಿಸೆಟ್ಟಿಯ ಮಕ್ಕಳೂ ಇದ್ದರು. ಹೊಸವೊಳಲೆಂದರೆ ಇಂದಿನ ಕೆ.ಆರ್.ಪೇಟೆ ಪಕ್ಕದ ಹೊಸಹೊಳಲು. ಅಲ್ಲಿ ಹೊಯ್ಸಳರ ಕಾಲದ ಪಾರ್ಶ್ವನಾಥ ಬಸದಿ ಇದೆ. ಅರಸರಿಂದ ಹಣ ಎಣಿಸಿಕೊಳ್ಳುವ ಹಕ್ಕು ಆ ವರ್ತಕರಿಗೆ ಪೂರ್ತಿಯಾಗಿ ಇತ್ತು. ಆದರೂ ಅವರು ತಮ್ಮ ತಂದೆತಾಯಿಗಳಿಗೆ ಪುಣ್ಯವಾಗಲೆಂದು ಗೊಮ್ಮಟಸ್ವಾಮಿಯ ಸನ್ನಿಧಿಯಲ್ಲಿ, ಗುರುಗಳಾದ ಚಾರುಕೀರ್ತಿ ಪಂಡಿತದೇವರ ಮುಂದೆ ಅಡವಿನ ಪತ್ರಗಳನ್ನು ಧಾರೆಯೆರೆದು ಬಿಟ್ಟುಕೊಟ್ಟರು.

ಬೆಳಗೊಳದ ಶಾಸನ ಇಷ್ಟನ್ನು ಹೇಳಿ ಮುಗಿಸುವುದಿಲ್ಲ. ಇನ್ನು ಮುಂದೆ ದೇವರ ಸ್ವತ್ತನ್ನು ಅಡವಿಡುವವನೂ ಅದನ್ನು ಅಡವು ಹಿಡಿಯುವವನೂ ಇಬ್ಬರೂ ಸಮುದಾಯದಿಂದ ಹೊರಗೆಂದು ಕಟ್ಟು ಮಾಡುತ್ತದೆ. ಕಷ್ಟಕ್ಕೆ ಅಡವಿಟ್ಟೆನೆಂದು ಒಬ್ಬನೂ, ಕೇಳಿದ್ದಕ್ಕೆ ಕೊಟ್ಟೆನೆಂದು ಇನ್ನೊಬ್ಬನೂ ತಪ್ಪಿಸಿಕೊಳ್ಳಲು ಅಲ್ಲಿ ಎಡೆಯಿಲ್ಲ. ಕೂಡದ ವ್ಯವಹಾರಕ್ಕೆ ಎರಡು ಕೈ ಬೇಕೆಂಬುದನ್ನು ಚನ್ನಣ್ಣನ ಕಾಲದ ವರ್ತಕ ಸಮಾಜ ಒಪ್ಪಿಕೊಂಡು ಕಲ್ಲಿನಲ್ಲಿ ಬರೆಸಿತ್ತು.

ಸರದಿ ತಪ್ಪಿಸುವ ಹಣದಲ್ಲಿ ಎರಡು ಕೈಗಳ ಆಚೆಗೆ ಮೂರನೆಯವನೊಬ್ಬ ಇರುತ್ತಾನೆ. ಅವನು ಸಾಲಿನಲ್ಲಿ ನಿಂತವನು. ಪಾಂಡವಪುರ, ಶ್ರೀರಂಗಪಟ್ಟಣಗಳ ಕಬ್ಬು ಬೆಳೆಗಾರರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಕಟಾವಿಗೆ ನಾಟಿಯ ದಿನಾಂಕದ ಪ್ರಕಾರ ಸರದಿ ಇರಬೇಕು. ಕಟಾವಿನ ತಂಡಕ್ಕೆ ಯಾರೋ ಮೇಲೆ ಹಣ ಕೊಟ್ಟು ತಮ್ಮ ಗದ್ದೆಯನ್ನು ಮುಂದಕ್ಕೆ ತಂದುಕೊಂಡರೆ, ಹಿಂದೆ ಬಿದ್ದವನ ಕಬ್ಬು ಸೂಲಂಗಿ ಬಂದು ನಿಂತಲ್ಲೇ ಒಣಗಿ ತೂಕ ಕಳೆದುಕೊಳ್ಳುತ್ತದೆ. ಹಣ ಕೊಟ್ಟವನು ಆ ಹಿಂದಿನವನ ಮುಖವನ್ನೇ ನೋಡಿರುವುದಿಲ್ಲ. ಕಾರಿನ ಸಾಲಿನಲ್ಲಿ ಹಿಂದೆ ಬಿದ್ದವನಿಗೆ ಇಂಥ ಬೆಳೆನಷ್ಟವಿಲ್ಲ ನಿಜ. ಆದರೆ ಅವನು ನಾಗಮಂಗಲದಿಂದ ಮೈಸೂರಿಗೆ ಡಯಾಲಿಸಿಸ್ ರೋಗಿಗಳನ್ನು ಕರೆದೊಯ್ಯುವ ಬಾಡಿಗೆ ಗಾಡಿಯವನೂ ಆಗಿರಬಹುದು, ಸಾಲದ ಕಂತು ಮಂಜೂರಾಗಿ ಗಾಡಿ ಬಾರದೆ ಕುಳಿತವನೂ ಆಗಿರಬಹುದು. ಮುಖ ಕಾಣದವನಿಗೆ ಆಗುವ ನೋವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಹಿಂಸಾಣುವ್ರತದ ಮೊದಲ ಪಾಠ.

ಅಹಿಂಸೆಯ ಹೆಸರಿನಲ್ಲಿಯೇ ಇನ್ನೊಂದು ವಾದ ಬರುತ್ತದೆ. ಹೈಬ್ರಿಡ್ ಗಾಡಿ ಕಡಿಮೆ ಇಂಧನ ಸುಡುತ್ತದೆ, ಹೊಗೆ ಕಡಿಮೆ, ಜೀವಹಾನಿ ಕಡಿಮೆ. ಅಂಥ ಒಳ್ಳೆಯ ವಸ್ತುವಿಗೆ ಸ್ವಲ್ಪ ಹೆಚ್ಚು ಕೊಟ್ಟರೇನು? ವಾದದ ಮೊದಲರ್ಧ ಸರಿಯಾಗಿದೆ. ಪ್ರಮಾಣೀಕೃತ ಅಂಕಿಗಳಂತೆ ಹೈಕ್ರಾಸ್‌ನ ಹೈಬ್ರಿಡ್ ಮಾದರಿ ಲೀಟರಿಗೆ 23.24 ಕಿಲೋಮೀಟರ್, ಬರಿಯ ಪೆಟ್ರೋಲ್ ಮಾದರಿ 16.13 ಕಿಲೋಮೀಟರ್ ಓಡುತ್ತದೆ. ವರ್ಷಕ್ಕೆ 15 ಸಾವಿರ ಕಿಲೋಮೀಟರ್ ಓಡಾಡುವ ಕುಟುಂಬಕ್ಕೆ ಸುಮಾರು 285 ಲೀಟರ್ ಉಳಿತಾಯ. ಲೀಟರಿಗೆ 103 ರೂಪಾಯಿಯೆಂದು ಹಿಡಿದರೆ 29 ಸಾವಿರ ರೂಪಾಯಿ. ಒಂದು ಲಕ್ಷ ಮೇಲೆ ಕೊಟ್ಟವನು ಆ ಹಣವನ್ನು ಇಂಧನದಲ್ಲಿ ಮರಳಿ ಪಡೆಯಲು ಮೂರೂವರೆ ವರ್ಷ ಓಡಿಸಬೇಕು. ರಸ್ತೆಯ ಮೇಲಿನ ಮೈಲೇಜು ಕಾಗದದ ಅಂಕಿಗಿಂತ ಕಡಿಮೆಯಿರುವುದರಿಂದ ಲೆಕ್ಕ ಸ್ವಲ್ಪ ಹೆಚ್ಚುಕಡಿಮೆಯಾಗಬಹುದು. ಭೂಮಿಗೆ ಆಗುವ ಉಪಕಾರವಂತೂ ಗಾಡಿ ಈ ತಿಂಗಳು ಇವನ ಮನೆಗೆ ಬಂದರೂ ಅಷ್ಟೇ, ಸರದಿಯಲ್ಲಿ ಮುಂದಿದ್ದವನ ಮನೆಗೆ ಹೋದರೂ ಅಷ್ಟೇ. ಕಾರ್ಖಾನೆಯಿಂದ ಹೊರಬರುವ ಗಾಡಿಗಳ ಸಂಖ್ಯೆಯನ್ನು ಇವನ ಒಂದು ಲಕ್ಷ ಹೆಚ್ಚಿಸುವುದಿಲ್ಲ. ಬಿಡಿಭಾಗಗಳ ಕಟ್ಟಿಗೆ ತಲೆಯಾಡಿಸುವ ಮುನ್ನ ಜೈನ ಗ್ರಾಹಕರು ಇನ್ನೊಂದನ್ನು ನೋಡಿಕೊಳ್ಳುವುದು ಲೇಸು: ಸೀಟಿನ ಹೊದಿಕೆ, ಸ್ಟಿಯರಿಂಗ್ ಹೊದಿಕೆಗಳು ನಿಜ ಚರ್ಮದವೋ ಅಲ್ಲವೋ ಎಂಬುದನ್ನು. ಕಡಿಮೆ ಹಿಂಸೆಯ ಗಾಡಿಯೆಂದು ಕೊಂಡು ಅದರೊಳಗೆ ಚರ್ಮದ ಮೇಲೆ ಕುಳಿತುಕೊಳ್ಳುವುದು ವಿಚಿತ್ರವಾದೀತು.

ಹಾಗೆಂದು ಹೆಚ್ಚು ಬೆಲೆ ಕೊಟ್ಟವರೆಲ್ಲ ವ್ರತಭಂಗ ಮಾಡಿದವರೆಂದು ತೀರ್ಮಾನಿಸುವುದು ಸಲ್ಲದು. ಜೈನ ಆಚಾರದಲ್ಲಿ ಅತಿಚಾರವೆಂದರೆ ವ್ರತದ ಮೇಲಾದ ಕಲೆ, ವ್ರತದ ನಾಶವಲ್ಲ. ಮನೆಯಲ್ಲಿ ನಡೆಯಲಾರದ ವೃದ್ಧರಿದ್ದಾರೆ, ಹಳೆಯ ಗಾಡಿ ಕೈಕೊಟ್ಟಿದೆ, ಮೈಸೂರಿನ ಆಸ್ಪತ್ರೆಗೆ ವಾರಕ್ಕೆರಡು ಬಾರಿ ಹೋಗಲೇಬೇಕು ಎಂಬಂಥ ಸಂದರ್ಭದಲ್ಲಿ ಕಾಯುವಿಕೆಯನ್ನು ತಪಸ್ಸೆಂದು ಹೊಗಳುವುದು ಕ್ರೂರವಾಗುತ್ತದೆ. ಅಂಥವರು ಮೊದಲು ನೋಡಬೇಕಾದದ್ದು ಈಗಲೇ ಸಿಗುವ ಬೇರೆ ವಾಹನವನ್ನು. ವೃದ್ಧರಿಗೆ ಬೇಕಾದದ್ದು ಹತ್ತಿ ಇಳಿಯಲು ಅನುಕೂಲವಾದ ಬಾಗಿಲು. ಆ ಬಾಗಿಲು ಹೈಬ್ರಿಡ್ಡಿಗೆ ಮಾತ್ರ ಇಲ್ಲ. ಎಲ್ಲ ನೋಡಿದ ಮೇಲೂ ಅದೇ ಗಾಡಿಯೇ ಬೇಕಾದರೆ, ಬಿಡಿಭಾಗಗಳ ರೂಪದಲ್ಲಾಗಲಿ ಮತ್ತೊಂದು ರೂಪದಲ್ಲಾಗಲಿ ಪ್ರತಿ ರೂಪಾಯಿಗೂ ರಸೀದಿ ಬರೆಸಿಕೊಂಡು ಕೊಟ್ಟರೆ ಅಚೌರ್ಯಕ್ಕೆ ಭಂಗವಿಲ್ಲ. ರಸೀದಿಯಿಲ್ಲದ ನಗದಿಗೂ ಬುಕಿಂಗ್ ಮಾರುವವನ ಲಾಭಕ್ಕೂ ಮಾತ್ರ ಅಗತ್ಯದ ಹೆಸರಿನಲ್ಲಿಯೂ ಸಮರ್ಥನೆ ಹುಡುಕುವುದು ಕಷ್ಟ.

ಉಳಿದವರ ಮುಂದೆ ಇರುವುದು ಕಾಯುವ ದಾರಿ. ಕಾಯುವುದನ್ನು ಗ್ರಾಹಕನು ನಷ್ಟವೆಂದು ಎಣಿಸುತ್ತಾನೆ. ಸಮಂತಭದ್ರರು ಭೋಗೋಪಭೋಗ ಪರಿಮಾಣ ವ್ರತದಲ್ಲಿ ಅದೇ ಕಾಲವನ್ನು ಬೇರೆ ರೀತಿಯಲ್ಲಿ ಎಣಿಸಿದ್ದಾರೆ. ಅಲ್ಲಿ ಅವರು ನಿಯಮ ಮಾಡಿಕೊಳ್ಳಬೇಕಾದ ಭೋಗಗಳನ್ನು ಹೆಸರಿಸುವಾಗ ಭೋಜನದ ಮರುಕ್ಷಣವೇ ವಾಹನವನ್ನು ಹೇಳುತ್ತಾರೆ, ಆಮೇಲೆ ಶಯನ, ಸ್ನಾನ, ಗಂಧ, ಪುಷ್ಪ, ತಾಂಬೂಲ, ವಸ್ತ್ರ, ಒಡವೆ, ಸಂಗೀತ ಮೊದಲಾದವು. ಯಾವಜ್ಜೀವ ತ್ಯಾಗವನ್ನು ಅವರು ಎಲ್ಲರಿಂದಲೂ ಕೇಳುವುದಿಲ್ಲ. ಇಂದು, ಈ ಹಗಲು, ಈ ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದು ಅವಧಿಯನ್ನು ಗೃಹಸ್ಥನೇ ಗೊತ್ತುಮಾಡಿಕೊಳ್ಳಬಹುದು. ಅವಧಿ ಮುಗಿದ ಮೇಲೆ ವಸ್ತುವನ್ನು ಬಳಸಲು ಅಡ್ಡಿಯಿಲ್ಲ.

ಋತುವೆಂದರೆ ಎರಡು ತಿಂಗಳು, ಅಯನವೆಂದರೆ ಆರು. ಮಳಿಗೆಯವರು ಎಂಟು ತಿಂಗಳ ಸರದಿಯೆಂದು ಹೇಳಿದರೆ ಅದು ಒಂದು ಅಯನ ಮತ್ತು ಒಂದು ಋತು. ಬುಕಿಂಗ್ ಚೀಟಿಯನ್ನು ಮನೆಗೆ ತಂದವನು ಅಂದೇ ಬಸದಿಗೆ ಹೋಗಿ, ಶ್ರೀರಂಗಪಟ್ಟಣದವನಾದರೆ ಕೋಟೆಯೊಳಗಿನ ಆದಿನಾಥ ಬಸದಿಯಲ್ಲಿ, ನಾಗಮಂಗಲದ ಕಡೆಯವನಾದರೆ ಕಂಬದಹಳ್ಳಿಯ ಪಂಚಕೂಟದಲ್ಲಿ, ಇಷ್ಟು ಕಾಲ ಹೊಸ ವಾಹನವನ್ನು ಬಯಸೆನೆಂದು ಅಷ್ಟೇ ಅವಧಿಯ ನಿಯಮವನ್ನು ಸ್ವೀಕರಿಸಬಹುದು. ಸರದಿ ಆಗಲೂ ಎಂಟು ತಿಂಗಳೇ. ಆ ಎಂಟು ತಿಂಗಳೂ ಮಳಿಗೆಗೆ ಫೋನು ಮಾಡಿ ಮಾಡಿ ಕುದಿಯುವ ಕೆಲಸವೊಂದು ತಪ್ಪುತ್ತದೆ. ಈ ನಡುವೆ ಗೊಮ್ಮಟಸ್ವಾಮಿಯ ದರ್ಶನಕ್ಕೆ ಮನಸ್ಸಾದರೆ ಕೆ.ಆರ್.ಪೇಟೆಯಿಂದಲೂ ನಾಗಮಂಗಲದಿಂದಲೂ ಶ್ರವಣಬೆಳಗೊಳಕ್ಕೆ ಬಸ್ಸುಗಳಿವೆ.